ಊರೇ ಹೊಲಕ್ಕೆ ಹೋಗುವ ದಿನ: ಮಾಂಜ್ರಾ ಸೀಮೆಯ ಎಳ್ಳ ಅಮಾವಾಸ್ಯೆ

ಬೀದರ ಜಿಲ್ಲೆಯ ಹುಲಸೂರ, ಬಸವಕಲ್ಯಾಣ, ಭಾಲ್ಕಿ ಮತ್ತು ಹುಮನಾಬಾದ ತಾಲ್ಲೂಕುಗಳಲ್ಲಿ ಮಾರ್ಗಶಿರ ಮಾಸದ ಕೊನೆಯ ದಿನ, ಅಂದರೆ ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಅಮಾವಾಸ್ಯೆಯಂದು, ಊರುಗಳು ಬರಿದಾಗಿ ಹೊಲಗಳು ತುಂಬುತ್ತವೆ. ಎಳ್ಳ ಅಮಾವಾಸ್ಯೆ ಎಂದು ಪ್ರಸಿದ್ಧವಾದ ಈ ಹಬ್ಬದಲ್ಲಿ ಹೊಲವುಳ್ಳವರು ಅಡುಗೆಯನ್ನು ಬುಟ್ಟಿಗಳಲ್ಲಿ ತುಂಬಿಕೊಂಡು ಮನೆಮಂದಿಯೊಡನೆ ಹೊರಡುತ್ತಾರೆ. ಹೊಲವಿಲ್ಲದ ಪೇಟೆಯ ಸ್ನೇಹಿತರು, ನೌಕರರು, ನೆರೆಹೊರೆಯವರು ಅವರ ಆಮಂತ್ರಣದ ಮೇರೆಗೆ ಅಲ್ಲಿಗೇ ಬಂದು ಸಂಜೆಯವರೆಗೆ ಉಳಿಯುತ್ತಾರೆ. ಹಳ್ಳಿಯ ಬದುಕನ್ನು ಒಂದು ದಿನದ ಮಟ್ಟಿಗೆ ಪಟ್ಟಣಿಗರಿಗೆ ತೋರಿಸುವ ಪ್ರವಾಸಗಳನ್ನು ಇಂದು ಹಲವು ರಾಜ್ಯಗಳು ಕೃಷಿ ಪ್ರವಾಸೋದ್ಯಮವೆಂದು ಬೆಳೆಸುತ್ತಿದ್ದು, ನೆರೆಯ ಮಹಾರಾಷ್ಟ್ರವು 2020ರಲ್ಲಿ ಅದಕ್ಕಾಗಿಯೇ ಪ್ರತ್ಯೇಕ ನೀತಿಯನ್ನು ರೂಪಿಸಿತು. ಮಾಂಜ್ರಾ ನದಿಯ ಈ ಸೀಮೆಯಲ್ಲಿ ಅಂಥದೊಂದು ದಿನವು ಪಂಚಾಂಗದಲ್ಲಿಯೇ ನೆಲೆಗೊಂಡಿದೆ, ಮತ್ತು ಅದರ ಚರಿತ್ರೆಯನ್ನು ಈ ನೆಲದ ಮಣ್ಣು, ಮಳೆ ಹಾಗೂ ಬೆಳೆಯ ಚರಿತ್ರೆಯಿಂದ ಬೇರ್ಪಡಿಸಿ ಬರೆಯಲಾಗದು.

ಮಾಂಜ್ರಾ ನದಿಯು ಮಹಾರಾಷ್ಟ್ರದ ಬೀಡ ಜಿಲ್ಲೆಯ ಬಾಲಾಘಾಟ ಬೆಟ್ಟಸಾಲಿನಲ್ಲಿ ಹುಟ್ಟಿ, ಲಾತೂರ ಸೀಮೆಯನ್ನು ಹಾದು ಬೀದರ ಜಿಲ್ಲೆಯನ್ನು ಪ್ರವೇಶಿಸಿ, ಸುಮಾರು 724 ಕಿಲೋಮೀಟರು ಹರಿದು ತೆಲಂಗಾಣದ ಕಂದಕುರ್ತಿಯ ಬಳಿ ಗೋದಾವರಿಯನ್ನು ಸೇರುತ್ತದೆ. ಹುಲಸೂರದ ಉತ್ತರ ಭಾಗದ ಹೊಲಗಳ ನೀರು ಈ ನದಿಯ ಕಡೆಗೆ ಇಳಿದರೆ, ಬಸವಕಲ್ಯಾಣ ತಾಲ್ಲೂಕಿನಲ್ಲಿಯೇ ಹುಟ್ಟುವ ಮುಲ್ಲಾಮಾರಿಯು ಹುಮನಾಬಾದ ಮತ್ತು ಚಿಂಚೋಳಿಯ ಕಡೆಗೆ ಹರಿದು ಕೊನೆಗೆ ಭೀಮೆಯ ಮೂಲಕ ಕೃಷ್ಣೆಯನ್ನು ಮುಟ್ಟುತ್ತದೆ. ಹೀಗೆ ಒಂದೇ ಮಳೆಯ ನೀರು ಈ ಎತ್ತರದ ಸೀಮೆಯಲ್ಲಿ ಕವಲೊಡೆದು, ಆಂಧ್ರಪ್ರದೇಶದ ಧವಳೇಶ್ವರದ ಕೆಳಗೆ ಹರಡಿದ ಗೋದಾವರಿಯ ಮುಖಜಭೂಮಿಗೂ ಅದರ ನೆರೆಯ ಕೃಷ್ಣೆಯ ಮುಖಜಭೂಮಿಗೂ ಪಾಲಾಗುತ್ತದೆ. ಮುಖಜಭೂಮಿಯೆಂದರೆ ನದಿಯು ಸಮುದ್ರ ಸೇರುವಲ್ಲಿ ತಾನು ಹೊತ್ತು ತಂದ ಹೂಳಿನಿಂದ ಕಟ್ಟಿದ ನೆಲ. 1852ರ ಹೊತ್ತಿಗೆ ಧವಳೇಶ್ವರದಲ್ಲಿ ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಕಟ್ಟಿಸಿದ ಅಣೆಕಟ್ಟೆಯ ಕಾಲುವೆಗಳಿಂದ ಅಲ್ಲಿ ಭತ್ತದ ಬೇಸಾಯವು ಬಲಗೊಂಡರೆ, ನದಿಯ ಮೇಲ್ದಂಡೆಯಾದ ಈ ಸೀಮೆಯು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಜೋಳದ ನಾಡಾಗಿ ಉಳಿಯಿತು.

ಲಾವಾ ಶಿಲೆಯು ಬಹುಕಾಲ ಶಿಥಿಲಗೊಂಡು ಉಂಟಾದ ಇಲ್ಲಿನ ಕಪ್ಪು ಮಣ್ಣಿಗೆ ಎರೆ ಎಂಬ ಹೆಸರಿದೆ. ಮಳೆಗಾಲದಲ್ಲಿ ಕುಡಿದ ನೀರನ್ನು ತಿಂಗಳುಗಟ್ಟಲೆ ಒಡಲಲ್ಲಿ ಹಿಡಿದಿಡುವುದು ಈ ಮಣ್ಣಿನ ಗುಣವಾದ್ದರಿಂದ, ಮಳೆ ನಿಂತ ಮೇಲೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬಿತ್ತಿ, ಮಣ್ಣಿನ ಹಸಿ ಮತ್ತು ಚಳಿಗಾಲದ ಇಬ್ಬನಿಯ ಬಲದಿಂದಲೇ ಬೆಳೆ ತೆಗೆಯುವ ಕ್ರಮವು ಇಲ್ಲಿ ರೂಢಿಗೆ ಬಂದಿತು; ಇದಕ್ಕೆ ಹಿಂಗಾರಿ ಬೇಸಾಯವೆನ್ನುತ್ತಾರೆ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹಿಂಗಾರಿ ಜೋಳವು ಹೊಡೆಯಲ್ಲಿರುತ್ತದೆ ಅಥವಾ ಆಗಷ್ಟೇ ತೆನೆ ಹೊರಡಿಸಿರುತ್ತದೆ. ಹೊಡೆಯೆಂದರೆ ತೆನೆಯು ಇನ್ನೂ ಎಲೆಯ ಸುತ್ತಿನೊಳಗೆ ಅಡಗಿದ್ದು, ದಂಟಿನ ನೆತ್ತಿ ಉಬ್ಬಿ ಕಾಣುವ ಹಂತ. ಅದೇ ಕಾಲಕ್ಕೆ ಕಡಲೆಯು ಹೂವು–ಕಾಯಿಯಲ್ಲಿದ್ದು, ಮುಂಗಾರಿನಲ್ಲಿ ಬಿತ್ತಿದ ತೊಗರಿಯು ಕೊಯ್ಲಿನ ಹೊಸ್ತಿಲಲ್ಲಿರುತ್ತದೆ. ಭೂಮಿತಾಯಿ ಗರ್ಭಿಣಿಯೆಂದೂ ಆಕೆಯ ಬಯಕೆ ತೀರಿಸಬೇಕೆಂದೂ ರೈತರು ನಂಬಿದ್ದು ಈ ಹಂತವನ್ನು ಕಣ್ಣಾರೆ ಕಂಡೇ ಎಂಬುದು ಬೆಳೆಯ ಲೆಕ್ಕವನ್ನು ಹಬ್ಬದ ತಿಥಿಯ ಪಕ್ಕದಲ್ಲಿಟ್ಟು ನೋಡಿದಾಗ ಸ್ಪಷ್ಟವಾಗುತ್ತದೆ. ಆಶ್ವಯುಜದ ಸೀಗಿ ಹುಣ್ಣಿಮೆಯಲ್ಲಿಯೂ ಉತ್ತರ ಕರ್ನಾಟಕದ ರೈತರು ಹೊಲಪೂಜೆ ಮಾಡುವುದುಂಟು. ಬೀದರ–ಕಲಬುರಗಿ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆಗೇ ಹೆಚ್ಚಿನ ಸಡಗರ.

ಆಚರಣೆಯ ಮುಖ್ಯ ಅಂಗಗಳು ಮೂರು. ಮೊದಲನೆಯದು ಕೊಂಪೆ: ಜೋಳದ ದಂಟುಗಳನ್ನು ನಿಲ್ಲಿಸಿ ತುದಿಗಳನ್ನು ಕೂಡಿಸಿ ಕಟ್ಟಿದ ಪುಟ್ಟ ಗುಡಿಸಲಿನೊಳಗೆ ಐದು ಕಲ್ಲುಗಳನ್ನು ಸುಣ್ಣ ಬಳಿದು ಇರಿಸಿ, ಪಾಂಡವರೆಂದು ಪೂಜಿಸುತ್ತಾರೆ. ಎರಡನೆಯದು ಚರಗ: ತಂದ ಅಡುಗೆಯೆಲ್ಲವನ್ನೂ ಸ್ವಲ್ಪಸ್ವಲ್ಪ ಕಲಸಿ, ಒಬ್ಬರು ಹೊಲದ ಸುತ್ತಲೂ ಚೆಲ್ಲುತ್ತ ನಡೆದರೆ ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತ ಭೂಮಿಯ ಹೆಸರು ಕೂಗುತ್ತಾರೆ. ಚರಗಕ್ಕೆ ಬರುವ ಹಕ್ಕಿಗಳು ಕಾಯಿಕೊರೆಯುವ ಹುಳುಗಳನ್ನೂ ಹೆಕ್ಕಿ ತಿನ್ನುತ್ತವೆಂದು ರೈತರು ಇದಕ್ಕೆ ವಿವರಣೆ ನೀಡುವುದುಂಟು. ಮೂರನೆಯದು ಸಹಭೋಜನ. ಅದರ ತಲೆಯಡುಗೆಯಾದ ಭಜ್ಜಿಯು ಕರಿದ ತಿಂಡಿಯಲ್ಲ. ಹಸಿ ತೊಗರಿ, ಅವರೆ, ಬಟಾಣಿ, ಕಡಲೆಕಾಳುಗಳನ್ನು ಮೆಂತ್ಯ, ಕಡಲೆಸೊಪ್ಪು, ಈರುಳ್ಳಿ ತಪ್ಪಲಿನಂಥ ಸೊಪ್ಪುಗಳೊಡನೆ ಬೇಯಿಸಿ, ಹುಣಸೆರಸ ಹಾಗೂ ಕಡಲೆಹಿಟ್ಟು ಕದಡಿ ಕುದಿಸಿದ ಗಟ್ಟಿ ಪಲ್ಯ. ಅದರ ಜೊತೆಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಕಡುಬು, ಶೇಂಗಾ ಹೋಳಿಗೆ ಇರುತ್ತವೆ. ಜೋಳದ ಹಿಟ್ಟನ್ನು ಹಿಂದಿನ ದಿನವೇ ಗಂಜಿಯಂತೆ ಕಾಯಿಸಿ, ಆರಿದ ಮೇಲೆ ಮಜ್ಜಿಗೆ, ಬೆಳ್ಳುಳ್ಳಿ, ಜೀರಿಗೆ ಸೇರಿಸಿ ಮಣ್ಣಿನ ಗಡಿಗೆಯಲ್ಲಿ ಹುಳಿಯಲು ಬಿಟ್ಟ ಅಂಬಲಿಯು ಊಟದ ಕೊನೆಗೆ ಬರುತ್ತದೆ. ಭಜ್ಜಿಯ ಪದಾರ್ಥಗಳಲ್ಲಿ ಹುಣಸೆ, ಉಪ್ಪು, ಕಡಲೆಹಿಟ್ಟುಗಳಂಥ ಕೆಲವನ್ನು ಬಿಟ್ಟರೆ ಉಳಿದವೆಲ್ಲ ಅದೇ ಋತುವಿನ ಹೊಲದಲ್ಲಿ ಒಟ್ಟಿಗೆ ದೊರೆಯುತ್ತಿದ್ದವು. ಆದ್ದರಿಂದ ಭಜ್ಜಿಯ ಗಡಿಗೆಯನ್ನು ಮಿಶ್ರಬೆಳೆಯ ದಾಖಲೆಯೆಂದು ಓದಲು ಸಾಧ್ಯ.

ಇಷ್ಟು ಗಟ್ಟಿಯಾಗಿ ಉಳಿದ ಪದ್ಧತಿಯ ಮೇಲೆ ರಾಜ್ಯಗಳು ಬಂದು ಹೋದುವು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರು ಕಲ್ಯಾಣವನ್ನು, ಅಂದರೆ ಇಂದಿನ ಬಸವಕಲ್ಯಾಣವನ್ನು, ರಾಜಧಾನಿಯಾಗಿಸಿಕೊಂಡರು. ಹನ್ನೆರಡನೆಯ ಶತಮಾನದಲ್ಲಿ ಅದೇ ನಗರದಲ್ಲಿ ಬಸವಣ್ಣನವರೂ ಅವರ ಸಂಗಡಿಗರಾದ ಶರಣರೂ ದುಡಿಮೆಯನ್ನು ಕಾಯಕವೆಂದೂ ದುಡಿದುದನ್ನು ಹಂಚಿ ಉಣ್ಣುವುದನ್ನು ದಾಸೋಹವೆಂದೂ ಎತ್ತಿ ಹಿಡಿದರು. ಒಕ್ಕಲುತನವನ್ನೇ ಕಾಯಕವಾಗಿಸಿಕೊಂಡ ಒಕ್ಕಲಿಗ ಮುದ್ದಣ್ಣನು ಆ ವಚನಕಾರರ ಸಾಲಿನಲ್ಲಿದ್ದಾನೆ. ಹೊಲದ ಹಬ್ಬಕ್ಕೂ ಶರಣರ ವಿಚಾರಕ್ಕೂ ನೇರ ಹುಟ್ಟುಸಂಬಂಧವನ್ನು ಕಲ್ಪಿಸಬೇಕಾಗಿಲ್ಲವಾದರೂ, ದುಡಿದ ನೆಲದಲ್ಲಿ ಬಂದವರಿಗೆಲ್ಲ ಎಡೆ ಮಾಡುವ ರೂಢಿಯು ಅರ್ಥಪೂರ್ಣವಾಗಿ ಉಳಿಯಲು ಆ ಪರಂಪರೆಯ ನೆರಳು ಸಹಾಯಕವಾಗಿದೆ ಎನ್ನಬಹುದು. ಬಹಮನಿ, ಬರೀದಶಾಹಿ, ಮೊಗಲ್ ಆಳ್ವಿಕೆಗಳ ನಂತರ ಈ ಸೀಮೆಯು ಹೈದರಾಬಾದಿನ ನಿಜಾಮರ ಅಧೀನಕ್ಕೆ ಬಂದು, ಕಲ್ಯಾಣದ ಪರಿಸರವು ನವಾಬರ ಜಹಗೀರಾಯಿತು. ಜಹಗೀರೆಂದರೆ ಹಳ್ಳಿಗಳ ಕಂದಾಯವನ್ನು ವಸೂಲು ಮಾಡಿಕೊಳ್ಳುವ ಹಕ್ಕು. ಆ ಕಾಲದಲ್ಲಿ ಹೊಲವನ್ನು ಉತ್ತವನಿಗೆ ಅದರ ಮೇಲೆ ಒಡೆತನವಿರದಿದ್ದುದು ಸಾಮಾನ್ಯವಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದೊಡನೆ ಸೇರಿದ ಬಳಿಕ, 1949ರಲ್ಲಿ ಜಹಗೀರುಗಳು ರದ್ದಾದುವು, 1950ರಲ್ಲಿ ಗೇಣಿದಾರರ ರಕ್ಷಣೆಗೆ ಕಾನೂನು ಬಂದಿತು. ಪರರ ಹೊಲದಲ್ಲಿ ಚರಗ ಚೆಲ್ಲುವುದಕ್ಕೂ ತನ್ನ ಹೆಸರಿನ ಹೊಲದಲ್ಲಿ ಚೆಲ್ಲುವುದಕ್ಕೂ ಇರುವ ಅಂತರವನ್ನು ಈ ಹಬ್ಬದ ಚರಿತ್ರೆ ಬರೆಯುವವರು ಮರೆಯುವಂತಿಲ್ಲ. ಇಂದಿಗೂ ಭೂಹೀನ ಕೂಲಿಕಾರರ ಪಾಲಿಗೆ ಈ ದಿನವು ಆಮಂತ್ರಣದ ದಿನವೇ.

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯಗಳು ರಚನೆಯಾದಾಗ ಹಳೆಯ ಬೀದರ ಜಿಲ್ಲೆಯೂ ಹೋಳಾಗಿ, ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ, ಕೆಲವು ಭಾಗಗಳು ಆಂಧ್ರಪ್ರದೇಶಕ್ಕೆ, ಉಳಿದವು ಮೈಸೂರು ರಾಜ್ಯಕ್ಕೆ ಸೇರಿದವು. ಗಡಿರೇಖೆಯು ಕಚೇರಿ, ಶಾಲೆ, ಭಾಷೆಗಳನ್ನು ಬೇರ್ಪಡಿಸಿತಾದರೂ ಹಬ್ಬವನ್ನು ಬೇರ್ಪಡಿಸಲಿಲ್ಲ. ಲಾತೂರ ಮತ್ತು ಧಾರಾಶಿವ ಜಿಲ್ಲೆಗಳ ಮರಾಠಿ ರೈತರು ಅದೇ ಅಮಾವಾಸ್ಯೆಯಂದು, ಅದೇ ಕೊಂಪೆ, ಅದೇ ಪಾಂಡವರು, ಅದೇ ಭಜ್ಜಿ–ಅಂಬಲಿಗಳೊಡನೆ ವೇಳ ಅಮಾವಾಸ್ಯೆಯನ್ನು ಆಚರಿಸುತ್ತಾರೆ. 2017–18ರ ರಾಜ್ಯ ಆಯವ್ಯಯದಲ್ಲಿ ಪ್ರತ್ಯೇಕ ತಾಲ್ಲೂಕೆಂದು ಘೋಷಿತವಾದ ಹುಲಸೂರವು ಈ ಗಡಿಯ ಅಂಚಿನಲ್ಲಿಯೇ ಇರುವುದರಿಂದ, ಎರಡು ಭಾಷೆಗಳ ಈ ಒಂದೇ ಬೇಸಾಯ ಸಂಸ್ಕೃತಿಯನ್ನು ಅಭ್ಯಾಸ ಮಾಡಲು ತಕ್ಕ ನೆಲೆಯಾಗಿದೆ.

ರಾಜಕೀಯದ ಬದಲಾವಣೆಗಳಿಗೆ ಅಲುಗದ ಈ ಆಚರಣೆಯ ತಳಹದಿಯನ್ನು ಬೆಳೆಯ ಬದಲಾವಣೆಯು ಅಲುಗಿಸುತ್ತಿದೆ. ಇತ್ತೀಚಿನ ದಶಕಗಳಲ್ಲಿ ಮುಂಗಾರಿಗೆ ಸೋಯಾ ಅವರೆಯೂ ನೀರಾವರಿಯಿರುವಲ್ಲಿ ಕಬ್ಬೂ ಹಬ್ಬಿ, ಜೋಳದ ಕ್ಷೇತ್ರವು ಕುಗ್ಗಿದೆ. ಎತ್ತುಗಳು ಕಡಿಮೆಯಾದ್ದರಿಂದ ಬಂಡಿಗಳ ಜಾಗಕ್ಕೆ ಟ್ರ್ಯಾಕ್ಟರು, ಜೀಪು, ಬೈಕುಗಳು ಬಂದಿವೆ. ವಾಹನ ಬದಲಾದುದರಿಂದ ಹಬ್ಬಕ್ಕೆ ದೊಡ್ಡ ಹಾನಿಯಿಲ್ಲ, ಆದರೆ ಕೊಂಪೆಗೆ ಬೇಕಾದ ದಂಟು, ಭಜ್ಜಿಗೆ ಬೇಕಾದ ಕಾಳು–ಸೊಪ್ಪುಗಳನ್ನು ಪೇಟೆಯಿಂದ ತಂದು ಹೊಲಕ್ಕೆ ಒಯ್ಯಬೇಕಾದರೆ, ಹೊಲವು ಉಣಿಸುವ ತಾಯಿಯ ಸ್ಥಾನದಿಂದ ಊಟದ ತಾಣದ ಸ್ಥಾನಕ್ಕೆ ಇಳಿಯುತ್ತದೆ. ಪ್ರವಾಸಿಗರನ್ನು ಕರೆತರುವ ಯೋಜನೆಗಳು ಎಳ್ಳ ಅಮಾವಾಸ್ಯೆಯಿಂದ ಕಲಿಯಬೇಕಾದುದು ಇಲ್ಲಿಯೇ ಇದೆ: ಅತಿಥಿಯ ತಟ್ಟೆಗೆ ಬೀಳುವುದು ಆ ಹೊಲದಲ್ಲಿ ಬೆಳೆದುದಾಗಿದ್ದಾಗ ಮಾತ್ರ ಆ ಒಂದು ದಿನವು ಹಳ್ಳಿಯ ಬದುಕನ್ನು ತಿಳಿಸಿಕೊಡಬಲ್ಲದು. ಹಾಗಾಗಿ ಹಬ್ಬವನ್ನು ಉಳಿಸುವ ಮಾತು ಹಿಂಗಾರಿ ಜೋಳ, ತೊಗರಿ, ಕಡಲೆ, ಕುಸುಬೆ, ಎಳ್ಳುಗಳು ಜೊತೆಜೊತೆಯಾಗಿ ಬೆಳೆಯುವ ಹೊಲವನ್ನು ಉಳಿಸುವ ಮಾತಾಗಬೇಕು. ಆ ಬೆಳೆಗಳಿಗೆ ತಕ್ಕ ಬೆಲೆಯನ್ನು ರೈತನಿಗೆ ದೊರಕಿಸುವುದು ಸರಕಾರದ್ದೆಷ್ಟೋ ಅಷ್ಟೇ, ವರ್ಷಕ್ಕೊಮ್ಮೆ ಆ ಹೊಲದಲ್ಲಿ ಕುಳಿತು ಉಣ್ಣುವವರದೂ ಹೊಣೆಯಾಗಿದೆ.