ಜೋಳದ ನಾಡಿನಲ್ಲಿ ನಾಯಿಯ ಆಹಾರ

ಭೀಮೆಯ ಉಪನದಿಯಾದ ಬೋರಿಯ ದಂಡೆಯ ಕುರನೂರ, ಅಕ್ಕಲಕೋಟೆ ಹಾಗೂ ಸೊಲ್ಲಾಪುರಗಳನ್ನೊಳಗೊಂಡ ಗಡಿಭಾಗವು ಹಿಂಗಾರಿ ಜೋಳದ ನಾಡಾಗಿದ್ದು, ಇಲ್ಲಿ ಹೊಲವನ್ನೂ ಕುರಿಹಿಂಡನ್ನೂ ಕಾಯುವ ನಾಯಿಗೆ ಮನೆಯವರು ಉಣ್ಣುವ ರೊಟ್ಟಿ, ನುಚ್ಚು, ಮಜ್ಜಿಗೆಗಳಲ್ಲಿಯೇ ಪಾಲು ಸಲ್ಲುತ್ತ ಬಂದಿದೆ. ಆದ್ದರಿಂದ ಈ ಭಾಗದ ನಾಯಿಯ ಆಹಾರದ ಚರಿತ್ರೆಯನ್ನು ಬೇಸಾಯದ ಚರಿತ್ರೆಯಿಂದ ಬೇರ್ಪಡಿಸಿ ನೋಡಲಾಗದು.

ಈ ಪ್ರದೇಶವನ್ನು ಆಳಿದ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕೀರ್ತಿವರ್ಮನು ದನಗಳ ಚಿಕಿತ್ಸೆಯನ್ನು ಕುರಿತು ಕನ್ನಡದಲ್ಲಿ ‘ಗೋವೈದ್ಯ’ವನ್ನು ರಚಿಸಿದರೆ, ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ವು (ಸು. 1130) ಅರಸರ ವಿನೋದಗಳಲ್ಲಿ ಬೇಟೆನಾಯಿಗಳಿಗೂ ಸ್ಥಾನ ನೀಡಿತು. ಮುಂದೆ ಮುಧೋಳದ ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರಾದ, ಮಹಾರಾಷ್ಟ್ರದಲ್ಲಿ ಕಾರವಾನಿ ಎನಿಸಿಕೊಂಡ ಬೇಟೆನಾಯಿಯೂ ರೈತರ ಮನೆಗಳಲ್ಲಿ ಜೋಳ, ಗೋವಿನಜೋಳ ಮತ್ತು ಹಾಲನ್ನು ಉಂಡೇ ಉಳಿದುಬಂದಿತು.

ಮಾಂಸಾಹಾರಿ ಕುಲದ ಪ್ರಾಣಿಗೆ ಧಾನ್ಯ ಹೇಗೆ ಒಗ್ಗಿತೆಂಬುದಕ್ಕೆ 2013ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನವೊಂದು ಉತ್ತರ ನೀಡಿತು: ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವವನ್ನು ಮೇದೋಜೀರಕ ಗ್ರಂಥಿಯಲ್ಲಿ ತಯಾರಿಸುವ ವಂಶವಾಹಿಯ ಪ್ರತಿಗಳು ತೋಳದಲ್ಲಿ ಎರಡಿದ್ದರೆ, ನಾಯಿಯಲ್ಲಿ 4ರಿಂದ 30ರವರೆಗೆ ಇವೆ. ಆದರೂ ನಾಯಿಯ ಜೊಲ್ಲಿನಲ್ಲಿ ಈ ಕಿಣ್ವವು ಇಲ್ಲವೆನ್ನುವಷ್ಟು ಅಲ್ಪವಾದ್ದರಿಂದ ಧಾನ್ಯವು ಚೆನ್ನಾಗಿ ಬೆಂದಿರಬೇಕು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಶಕ್ತಿ ಮರಿತನ ಕಳೆದಂತೆ ಕುಗ್ಗುವುದರಿಂದ ಹಸಿಹಾಲು ಕೆಲವು ನಾಯಿಗಳಿಗೆ ಭೇದಿ ತರುತ್ತದೆ. ಹುದುಗುವಾಗ ಆ ಸಕ್ಕರೆಯ ಒಂದಂಶ ಕರಗಿಹೋಗುವ ಮಜ್ಜಿಗೆಯು ಅವುಗಳಿಗೆ ಹೆಚ್ಚು ಸಹ್ಯವಾಗುತ್ತದೆ.

ಈ ರೂಢಿಗೆ ಮಿತಿಗಳೂ ಇವೆ. ಮನೆಯ ಉಳಿಕೆಯೊಡನೆ ನಾಯಿಯ ಹೊಟ್ಟೆ ಸೇರುವ ಉಳ್ಳಾಗಡ್ಡಿಯೂ, ಸೊಲ್ಲಾಪುರದ ಶೇಂಗಾ ಚಟ್ನಿಯಲ್ಲಿರುವ ಬಳ್ಳೊಳ್ಳಿಯೂ ಅದರ ಕೆಂಪು ರಕ್ತಕಣಗಳಿಗೆ ಹಾನಿಕರ. ದೇಹದ ರೋಗನಿರೋಧಕ ವ್ಯವಸ್ಥೆಯೇ ಆಹಾರದ ಪ್ರೋಟೀನೊಂದನ್ನು ವೈರಿಯೆಂದು ಎಣಿಸುವ ಅಲರ್ಜಿಯಂತೂ ಅಂಬಲಿಯಿಂದ ಶಮನವಾಗುವುದಿಲ್ಲ. ಹಾಲು, ದನದ ಮಾಂಸ, ಕೋಳಿ, ಗೋಧಿಗಳಲ್ಲಿ ಯಾವುದು ಕಾರಣವೆಂದು ತಿಳಿಯಲು, ನಾಯಿ ಹಿಂದೆ ತಿನ್ನದ ಆಹಾರವನ್ನಷ್ಟೇ ಸುಮಾರು 8 ವಾರ ನೀಡಿ, ಬಳಿಕ ಹಳೆಯದನ್ನು ಒಂದೊಂದಾಗಿ ಮರಳಿಸಿ ನೋಡುವ ವರ್ಜನ ಪಥ್ಯವನ್ನು ಪಶುವೈದ್ಯರು ಅನುಸರಿಸುತ್ತಾರೆ. ಮನೆಮನೆಯ ತುತ್ತು ತಿನ್ನುವ ಹಳ್ಳಿಯ ನಾಯಿಗೆ ಇಂಥ ಪಥ್ಯ ಫಲಿಸಬೇಕಾದರೆ, ಅದಕ್ಕೆ ಅನ್ನ ಹಾಕುತ್ತ ಬಂದ ಓಣಿಯವರೆಲ್ಲರೂ ಆ ಅವಧಿಯಲ್ಲಿ ಕೈ ತಡೆಯುವುದು ಅಗತ್ಯವಾಗುತ್ತದೆ.