ಮಸೂರ (ದ್ವಿದಳ ಧಾನ್ಯ)

ಮಸೂರವು ಫ್ಯಾಬೇಸಿಯೆ ಕುಟುಂಬಕ್ಕೆ ಸೇರಿದ ಒಂದು ದ್ವಿದಳ ಧಾನ್ಯ. ಇದರ ವೈಜ್ಞಾನಿಕ ಹೆಸರು ಲೆನ್ಸ್ ಕ್ಯುಲಿನಾರಿಸ್. ಕನ್ನಡದಲ್ಲಿ ಇದಕ್ಕೆ ಚನ್ನಂಗಿ ಎಂಬ ಹೆಸರೂ ಇದೆ. ಸಿಪ್ಪೆ ತೆಗೆದು ಒಡೆದ ಕಾಳನ್ನು ಚನ್ನಂಗಿ ಬೇಳೆ ಅಥವಾ ಮಸೂರ್ ಬೇಳೆ ಎನ್ನುತ್ತಾರೆ. ಮಾನವನು ಮೊತ್ತಮೊದಲು ಕೃಷಿಗೆ ಒಳಪಡಿಸಿದ ಬೆಳೆಗಳಲ್ಲಿ ಇದೂ ಒಂದು. ಬಡವರ ಆಹಾರವೆಂದು ಹಲವು ನಾಡುಗಳಲ್ಲಿ ಹೆಸರಾದ ಈ ಕಾಳು ಕೆಲವೆಡೆ ಸಂಪತ್ತಿನ, ಕೆಲವೆಡೆ ಶೋಕದ ಸಂಕೇತವೂ ಆಗಿದೆ.

ಹೆಸರು

ಮಸೂರ ಎಂಬುದು ಸಂಸ್ಕೃತ ಮೂಲದ ಪದ. ಲ್ಯಾಟಿನ್ ಭಾಷೆಯಲ್ಲಿ ಇದೇ ಕಾಳಿಗೆ ಲೆನ್ಸ್ ಎಂದು ಹೆಸರು. ಎರಡೂ ಬದಿ ಉಬ್ಬಿದ ಗಾಜಿನ ತುಣುಕು ಈ ಕಾಳಿನ ಆಕಾರವನ್ನು ಹೋಲುವುದರಿಂದ ಯುರೋಪಿನಲ್ಲಿ ಅದಕ್ಕೂ ಲೆನ್ಸ್ ಎಂಬ ಹೆಸರು ಬಂದಿತು. ಕನ್ನಡದ ವಿಜ್ಞಾನ ಪಠ್ಯಗಳಲ್ಲಿ ಬಳಕೆಯಲ್ಲಿರುವ ಪೀನ ಮಸೂರ, ನಿಮ್ನ ಮಸೂರ ಎಂಬ ಪದಗಳಲ್ಲಿಯೂ ಈ ಕಾಳಿನ ಹೆಸರೇ ಇದೆ.

ಸಸ್ಯ ಲಕ್ಷಣ

ಮಸೂರವು ಸಾಮಾನ್ಯವಾಗಿ 20ರಿಂದ 50 ಸೆಂ.ಮೀ. ಎತ್ತರ ಬೆಳೆಯುವ ಪೊದೆಯಂತಹ ಏಕವಾರ್ಷಿಕ ಸಸ್ಯ. ಹೂಗಳು ಬಿಳಿ ಅಥವಾ ತಿಳಿ ನೇರಳೆ ಬಣ್ಣದವು. ಇವು ಹೆಚ್ಚಾಗಿ ಸ್ವಕೀಯ ಪರಾಗಸ್ಪರ್ಶ ಹೊಂದುತ್ತವೆ. ಚಪ್ಪಟೆಯಾದ ಚಿಕ್ಕ ಕಾಯಿಯಲ್ಲಿ ಒಂದು ಅಥವಾ ಎರಡು ಕಾಳುಗಳಿರುತ್ತವೆ. ಸಿಪ್ಪೆಯ ಬಣ್ಣ ಕಂದು, ಹಸಿರು, ಬೂದು ಅಥವಾ ಕಪ್ಪು. ಒಳಗಿನ ಬೇಳೆ ಕಿತ್ತಳೆಗೆಂಪು, ಹಳದಿ ಅಥವಾ ಹಸಿರು. ಬೇರುಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಸ್ಥಿರೀಕರಿಸುವುದರಿಂದ ಈ ಬೆಳೆಗೆ ಸಾರಜನಕ ಗೊಬ್ಬರ ಕಡಿಮೆ ಸಾಕು.

ಇತಿಹಾಸ

ಲೆನ್ಸ್ ಓರಿಯಂಟಾಲಿಸ್ ಎಂಬ ಕಾಡು ಸಸ್ಯದಿಂದ ಇದು ಪಶ್ಚಿಮ ಏಷ್ಯಾದ ಫಲವತ್ತಾದ ಅರ್ಧಚಂದ್ರ ಪ್ರದೇಶದಲ್ಲಿ, ಸುಮಾರು 10,000 ವರ್ಷಗಳ ಹಿಂದೆ, ಗೋಧಿ ಮತ್ತು ಬಾರ್ಲಿಯ ಜೊತೆಗೆ ಕೃಷಿಗೆ ಬಂದಿತು. ಹರಪ್ಪ ನಾಗರಿಕತೆಯ ನೆಲೆಗಳಲ್ಲಿಯೂ ಇದರ ಕಾಳುಗಳು ದೊರೆತಿವೆ.

ಬೇಸಾಯ

ಭಾರತದಲ್ಲಿ ಮಸೂರವು ಹಿಂಗಾರು ಬೆಳೆ. ಅಕ್ಟೋಬರ್–ನವೆಂಬರ್‌ನಲ್ಲಿ ಬಿತ್ತಿ ಫೆಬ್ರವರಿ–ಮಾರ್ಚ್ ವೇಳೆಗೆ ಕೊಯ್ಲು ಮಾಡುತ್ತಾರೆ. ತಂಪು ಹವೆ ಬೇಕಾಗಿರುವುದರಿಂದ ಮಧ್ಯಪ್ರದೇಶ, ಉತ್ತರಪ್ರದೇಶ, ಬಿಹಾರ ಮತ್ತು ಪಶ್ಚಿಮ ಬಂಗಾಳಗಳಲ್ಲಿ ಇದರ ಬೇಸಾಯ ಹೆಚ್ಚು. ಕರ್ನಾಟಕದಲ್ಲಿ ಬಹಳ ಕಡಿಮೆ. ಪೂರ್ವ ಭಾರತದಲ್ಲಿ ನಿಂತ ಭತ್ತದ ಗದ್ದೆಯಲ್ಲೇ, ಕೊಯ್ಲಿಗೆ ಮುನ್ನ ಬೀಜ ಎರಚುವ ಪದ್ಧತಿಯಿದೆ. ಉಳುಮೆಯಿಲ್ಲದೆ, ಮಣ್ಣಿನಲ್ಲಿ ಉಳಿದ ತೇವದಿಂದಲೇ ಬೆಳೆ ಬರುತ್ತದೆ. ಸೊರಗು ರೋಗ ಮತ್ತು ತುಕ್ಕು ರೋಗಗಳು ಇದರ ಮುಖ್ಯ ಶತ್ರುಗಳು.

ಕೆನಡಾ, ಭಾರತ, ಆಸ್ಟ್ರೇಲಿಯಾ ಮತ್ತು ಟರ್ಕಿ ಪ್ರಮುಖ ಉತ್ಪಾದಕ ದೇಶಗಳು. ಕೆನಡಾದ ಬೆಳೆಯ ಬಹುಪಾಲು ಸಸ್ಕ್ಯಾಚುವಾನ್ ಪ್ರಾಂತ್ಯದ್ದು. ಅಲ್ಲಿನ ವಿಶ್ವವಿದ್ಯಾಲಯವು 1978ರಲ್ಲಿ ಬಿಡುಗಡೆ ಮಾಡಿದ ಲೈರ್ಡ್ ತಳಿ ಈ ವಿಸ್ತರಣೆಗೆ ನೆರವಾಯಿತು. ಭಾರತವು ಬೆಳೆದದ್ದು ಸಾಲದೆ ಕೆನಡಾ ಮತ್ತು ಆಸ್ಟ್ರೇಲಿಯಾಗಳಿಂದ ಆಮದು ಮಾಡಿಕೊಳ್ಳುತ್ತದೆ.

ಆಹಾರ

100 ಗ್ರಾಂ ಒಣ ಕಾಳಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇರುತ್ತದೆ. ಕಬ್ಬಿಣ ಮತ್ತು ಫೋಲೇಟ್ ಕೂಡ ಸಮೃದ್ಧವಾಗಿವೆ. ಇದರ ಪ್ರೋಟೀನಿನಲ್ಲಿ ಲೈಸಿನ್ ಹೆಚ್ಚು, ಮೆಥಿಯೊನಿನ್ ಕಡಿಮೆ; ಅಕ್ಕಿ ಮತ್ತು ಗೋಧಿಯಲ್ಲಿ ಇದಕ್ಕೆ ವಿರುದ್ಧ. ಆದ್ದರಿಂದ ಅನ್ನ ಅಥವಾ ರೊಟ್ಟಿಯೊಡನೆ ಬೇಳೆ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಒಡೆದ ಮಸೂರ್ ಬೇಳೆ ನೆನೆಹಾಕದೆಯೂ ತೊಗರಿಬೇಳೆಗಿಂತ ಬೇಗ ಬೇಯುತ್ತದೆ. ಬೆಂದಾಗ ಕಿತ್ತಳೆಗೆಂಪು ಬಣ್ಣ ಹಳದಿಗೆ ತಿರುಗುತ್ತದೆ. ಬಂಗಾಳದ ದಾಲ್, ಟರ್ಕಿಯ ಸೂಪು, ಅಕ್ಕಿಯೊಡನೆ ಬೇಯಿಸುವ ಅರಬ್ ನಾಡುಗಳ ಮುಜದ್ದರ, ಈಜಿಪ್ಟಿನ ಕುಶರಿ, ಇಥಿಯೋಪಿಯಾದ ಖಾರದ ಮಿಸಿರ್ ವೊಟ್ ಇದರ ಪ್ರಸಿದ್ಧ ತಿನಿಸುಗಳು. ಕರ್ನಾಟಕದಲ್ಲಿ ಹುಳಿ, ಸಾರುಗಳಿಗೆ ತೊಗರಿಬೇಳೆಯೇ ಪ್ರಧಾನ.

ಸಾಂಸ್ಕೃತಿಕ ಮಹತ್ವ

ಬೈಬಲ್‌ನ ಆದಿಕಾಂಡದಲ್ಲಿ ಹಸಿದು ಬಂದ ಏಸಾವನು ರೊಟ್ಟಿ ಮತ್ತು ಮಸೂರದ ಗಂಜಿಗಾಗಿ ತನ್ನ ಜ್ಯೇಷ್ಠತನದ ಹಕ್ಕನ್ನು ತಮ್ಮ ಯಾಕೋಬನಿಗೆ ಮಾರುತ್ತಾನೆ. ಕ್ಷಣದ ಹಸಿವಿಗೆ ಶಾಶ್ವತವಾದುದನ್ನು ತೊರೆಯುವುದಕ್ಕೆ ಈ ಕಥೆ ಪಾಶ್ಚಾತ್ಯ ಸಾಹಿತ್ಯದಲ್ಲಿ ನಿದರ್ಶನವಾಗಿದೆ. ಯಹೂದಿ ಸಂಪ್ರದಾಯದಲ್ಲಿ ಮಸೂರವು ಸೂತಕದ ಊಟ: ಗುಂಡಗಿನ ಕಾಳು ಹುಟ್ಟುಸಾವಿನ ಚಕ್ರವನ್ನು, ಬಾಯಿಲ್ಲದ ಅದರ ರೂಪ ಶೋಕದ ಮೌನವನ್ನು ಸೂಚಿಸುತ್ತದೆ ಎಂಬ ವಿವರಣೆಯಿದೆ. ಇಟಲಿಯಲ್ಲಿ ಅದೇ ಕಾಳು ನಾಣ್ಯವನ್ನು ಹೋಲುತ್ತದೆಂದು ಹೊಸ ವರ್ಷದ ಮುನ್ನಾದಿನ ಸಂಪತ್ತಿನ ಹಾರೈಕೆಯಾಗಿ ತಿನ್ನುತ್ತಾರೆ. ಬಂಗಾಳದ ಸಾಂಪ್ರದಾಯಿಕ ಹಿಂದೂ ಆಚಾರದಲ್ಲಿ ಮಸೂರವನ್ನು ಆಮಿಷವೆಂದು ಎಣಿಸಿ, ವಿಧವೆಯರ ಊಟದಿಂದ ಹೊರಗಿಡಲಾಗುತ್ತಿತ್ತು. ಅಗ್ಗವಾಗಿ ಸಿಗುವ ಪ್ರೋಟೀನಿನ ಒಂದು ಮೂಲ ಹೀಗೆ ಅವರಿಗೆ ನಿಷಿದ್ಧವಾಗಿತ್ತು.

ತಳಿ ಸಂರಕ್ಷಣೆ

ದಕ್ಷಿಣ ಏಷ್ಯಾದ ನಾಡತಳಿಗಳಲ್ಲಿ ಆನುವಂಶಿಕ ವೈವಿಧ್ಯ ಕಡಿಮೆ. ಆದ್ದರಿಂದ ರೋಗನಿರೋಧಕ ಗುಣಗಳಿಗಾಗಿ ಬೇರೆ ಪ್ರದೇಶಗಳ ತಳಿಗಳನ್ನು ಅವಲಂಬಿಸಬೇಕಾಗುತ್ತದೆ. ಮಸೂರದ ಅತಿ ದೊಡ್ಡ ಬೀಜ ಸಂಗ್ರಹಗಳಲ್ಲಿ ಒಂದು ಸಿರಿಯಾದ ಅಲೆಪ್ಪೊ ಸಮೀಪ ಇಕಾರ್ಡಾ ಎಂಬ ಅಂತಾರಾಷ್ಟ್ರೀಯ ಕೃಷಿ ಸಂಶೋಧನಾ ಕೇಂದ್ರದಲ್ಲಿತ್ತು. ಅಂತರ್ಯುದ್ಧದಿಂದಾಗಿ ಆ ನೆಲೆಯಲ್ಲಿ ಕೆಲಸ ಮುಂದುವರಿಸುವುದು ಅಸಾಧ್ಯವಾಯಿತು. ಆದರೆ ಬಹುಪಾಲು ಬೀಜಗಳ ಪ್ರತಿಗಳನ್ನು ಮೊದಲೇ ನಾರ್ವೆಯ ಸ್ವಾಲ್ಬಾರ್ಡ್ ಬೀಜ ಭಂಡಾರಕ್ಕೆ ಕಳುಹಿಸಲಾಗಿತ್ತು. 2015ರಲ್ಲಿ ಇಕಾರ್ಡಾ ತಾನು ಇರಿಸಿದ್ದ ಬೀಜಗಳಲ್ಲಿ ಒಂದು ಭಾಗವನ್ನು ಹಿಂಪಡೆಯಿತು. ಆ ಭಂಡಾರದಿಂದ ಬೀಜ ಹೊರತೆಗೆದದ್ದು ಅದೇ ಮೊದಲು. ಲೆಬನಾನ್ ಮತ್ತು ಮೊರೊಕ್ಕೊಗಳಲ್ಲಿ ಅವನ್ನು ಬಿತ್ತಿ ವೃದ್ಧಿಪಡಿಸಿ, 2017ರಿಂದ ಹೊಸ ಬೀಜಗಳನ್ನು ಸ್ವಾಲ್ಬಾರ್ಡ್‌ಗೆ ಮರಳಿಸಲಾಗುತ್ತಿದೆ.