ಶುಂಠಿಯ ಚರಿತ್ರೆ ಮತ್ತು ನಾನು ಮರೆತ ಅರ್ಧ ಪಾಠ

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಈಗ ಕಾಲ ತಿರುಗಿದೆ. ಹಿತ್ತಲಿನದೆಲ್ಲವೂ ಮದ್ದು, ಹಚ್ಚಿದರೆ ಮುಖಕ್ಕೆ ಕಾಂತಿ ಎಂಬ ನಂಬಿಕೆ ಮನೆಮನೆಯಲ್ಲಿದೆ. ಇತಿಹಾಸದ ಮೇಷ್ಟ್ರಾದ ನಾನೂ ಒಮ್ಮೆ ಅದಕ್ಕೆ ಸಾಕ್ಷಿ ನುಡಿದೆ.

ಎರಡು ವರ್ಷಗಳ ಹಿಂದಿನ ಮಾತು. ಹೈಸ್ಕೂಲಿನಲ್ಲಿ ಓದುತ್ತಿದ್ದ ಮೊಮ್ಮಗಳು, "ತಾತ, ಮೊಡವೆಗೆ ಹಸಿಶುಂಠಿ ರಸ ಹಚ್ಚಿಕೊಳ್ಳಬಹುದಾ?" ಎಂದು ಕೇಳಿದಳು. "ನಮ್ಮಜ್ಜಿಯ ಕಾಲದಿಂದ ಹಚ್ಚುತ್ತಿದ್ದಾರೆ, ಏನೂ ಆಗದು" ಎಂದುಬಿಟ್ಟೆ. ಅವಳು ರಸಕ್ಕೆ ನಿಂಬೆಹುಳಿಯನ್ನೂ ಹಿಂಡಿ, ಅರ್ಧ ಗಂಟೆ ಉರಿ ತಡೆದುಕೊಂಡು ಕುಳಿತಳು. ಸಂಜೆಗೆ ಕೆನ್ನೆಗಳು ಕೆಂಪೇರಿ ಬಾತುಕೊಂಡವು. ವೈದ್ಯರು "ಯಾರಮ್ಮ ಹೇಳಿದ್ದು?" ಎಂದಾಗ ಆ ಮಗು ನನ್ನ ಹೆಸರೆತ್ತದೆ ತಲೆ ತಗ್ಗಿಸಿತು. ಕಪ್ಪು ಕಲೆ ಮಾಯಲು ತಿಂಗಳುಗಳೇ ಹಿಡಿದವು. ದಡ್ಡ ಹುಡುಗರನ್ನು 'ಶುಂಠ' ಎಂದು ಗದರುತ್ತಿದ್ದ ನನಗೆ, ಅಂದು ಶುಂಠನಾದವನು ನಾನೇ ಎನಿಸಿತು.

ಆ ನಂತರ ಶುಂಠಿಯ ಚರಿತ್ರೆಯನ್ನು ಮತ್ತೆ ಓದಿದೆ. ಸಂಸ್ಕೃತದ 'ಶೃಂಗವೇರ'ದ ಹಿಂದೆ ದ್ರಾವಿಡ ಭಾಷೆಗಳ 'ಇಂಜಿ' ಮತ್ತು 'ವೇರ್', ಅಂದರೆ ನಮ್ಮ ಬೇರು, ಇವೆಯೆಂದು ಹಲವು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಆ ಹೆಸರೇ ಸರಕಿನೊಡನೆ ಹಡಗೇರಿ ಗ್ರೀಕರಲ್ಲಿ 'ಜಿಂಗಿಬೆರಿಸ್' ಆಯಿತು, ಇಂಗ್ಲಿಷಿನಲ್ಲಿ 'ಜಿಂಜರ್' ಆಯಿತು. ಕ್ರಿ.ಶ. 1ನೇ ಶತಮಾನದ ರೋಮಿನಲ್ಲಿ ಒಂದು ಪೌಂಡ್ ಶುಂಠಿಗೆ 6 ದಿನಾರಿ ಬೆಲೆಯಿತ್ತೆಂದು ಪ್ಲಿನಿ ಬರೆದಿದ್ದಾನೆ. 14ನೇ ಶತಮಾನದ ಇಬ್ನ್ ಬತೂತನು, ಚೀನೀ ಹಡಗುಗಳಲ್ಲಿ ನಾವಿಕರು ಮರದ ತೊಟ್ಟಿಗಳಲ್ಲಿ ಶುಂಠಿ ಬೆಳೆಯುತ್ತಿದ್ದುದನ್ನು ದಾಖಲಿಸಿದ್ದಾನೆ. ಆಯುರ್ವೇದದಲ್ಲಿ ಒಣಶುಂಠಿಗೆ 'ವಿಶ್ವಭೇಷಜ'ವೆಂಬ ಬಿರುದಿದೆ. ಮೆಣಸು, ಹಿಪ್ಪಲಿಗಳೊಡನೆ ಸೇರಿ ಅದು 'ತ್ರಿಕಟು'. ಆದರೆ ಈ ಕೀರ್ತಿಯಲ್ಲಿ ಬಹುಪಾಲು ಹೊಟ್ಟೆಗೆ ಸೇರಿದ ಶುಂಠಿಯದು, ಮೈಗೆ ಹಚ್ಚಿದ ಶುಂಠಿಯದಲ್ಲ.

ಆಗ ಅಜ್ಜಿ ಕಣ್ಮುಂದೆ ಬಂದರು. ತಲೆನೋವೆಂದರೆ ಒಣಶುಂಠಿಯನ್ನು ಸಾಣೆಕಲ್ಲಿನ ಮೇಲೆ ನೀರಿನಲ್ಲಿ ತೇದು, ಹಣೆಗೆ ಮಾತ್ರ ತೆಳುವಾಗಿ ಬಳಿಯುತ್ತಿದ್ದರು. "ಕಣ್ಣಿಗೆ ತಾಗೀತು ಜೋಕೆ" ಎನ್ನುತ್ತಿದ್ದರು. ಉರಿ ಹೆಚ್ಚಿದರೆ ತಾವೇ ಒರೆಸುತ್ತಿದ್ದರು. ಮೈತೊಳೆಯಲು ಅವರು ಬಳಸಿದ್ದು ಕಡಲೆಹಿಟ್ಟು, ಅರಿಶಿನ, ಶುಂಠಿಯನ್ನಲ್ಲ. ಎಲ್ಲಿಗೆ, ಎಷ್ಟು, ಎಷ್ಟು ಹೊತ್ತು ಎಂಬುದೇ ಅವರ ವಿದ್ಯೆ. ನಾನು ಪದಾರ್ಥದ ಹೆಸರನ್ನು ನೆನಪಿಟ್ಟುಕೊಂಡು ಅಳತೆಯನ್ನು ಮರೆತಿದ್ದೆ.

ಅಜ್ಜಿಯ ಎಚ್ಚರಕ್ಕೆ ವಿಜ್ಞಾನವೂ ಕಾರಣ ಕೊಟ್ಟಿದೆ. ಹಸಿಶುಂಠಿಯ ಖಾರ 'ಜಿಂಜರಾಲ್'. ಒಣಗಿದಾಗ ಅದರ ಒಂದು ಭಾಗ ಇನ್ನೂ ಖಾರವಾದ 'ಶೋಗಾಲ್' ಆಗುತ್ತದೆ. ಬಿಸಿಯನ್ನು ಗುರುತಿಸುವ ನರಗ್ರಾಹಕವೊಂದನ್ನು ಇವು ಕೆರಳಿಸುತ್ತವೆ. 1997ರಲ್ಲಿ ಆ ಗ್ರಾಹಕವನ್ನು ಪತ್ತೆಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಉರಿಯುತ್ತಿದೆ ಎಂದರೆ ಮದ್ದು ಕೆಲಸ ಮಾಡುತ್ತಿದೆ ಎಂದಲ್ಲ. ಚರ್ಮ ದೂರು ಹೇಳುತ್ತಿದೆ ಎಂದು.

ಶುಂಠಿ ರಸದಿಂದ ಮೊಡವೆ ವಾಸಿಯಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಆದರೂ ಹಚ್ಚಲೇಬೇಕೆನ್ನುವವರು ಕೆಲವು ತೊಟ್ಟು ರಸವನ್ನು ಒಂದು ಚಮಚ ಮೊಸರಿನಲ್ಲಿ ಬೆರೆಸಿ, ಮೊದಲು ಮೊಣಕೈಯ ಒಳಮಗ್ಗುಲಿಗೆ ಸವರಿ ಎರಡು ದಿನ ಕಾದು ನೋಡಲಿ. ಕೆಂಪಾದರೆ ಆ ಯೋಚನೆಯನ್ನೇ ಬಿಡಲಿ. ಕಣ್ಣು, ತುಟಿ, ಗಾಯ, ಒಡೆದ ಮೊಡವೆಗಳ ಬಳಿ ಬೇಡ. ಮಕ್ಕಳಿಗಂತೂ ಬೇಡವೇ ಬೇಡ. ಐದು ನಿಮಿಷ ಸಾಕು. ನಿಂಬೆ ಸೇರಿಸಕೂಡದು, ಅದು ಬಿಸಿಲಿಗೆ ಚರ್ಮವನ್ನು ಸುಡಬಲ್ಲದು. ಉರಿ ಎದ್ದರೆ ಕೂಡಲೇ ತಣ್ಣೀರಿನಲ್ಲಿ ತೊಳೆಯಬೇಕು. ಕಡಿಮೆಯಾಗದಿದ್ದರೆ ವೈದ್ಯರ ಬಳಿ ಹೋಗಬೇಕು.

ಮೊಮ್ಮಗಳು ಈಗಲೂ ಶುಂಠಿ ಕಾಫಿ ಕೊಡುವಾಗ "ಇದನ್ನು ಕುಡಿಯುವುದು ತಾತ, ಹಚ್ಚಿಕೊಳ್ಳುವುದಲ್ಲ" ಎಂದು ನಗುತ್ತಾಳೆ. ಓದುಗ ಮಿತ್ರರೇ, ಹಿರಿಯರು ಹೇಳಿದ್ದೆಂದು ಕಿರಿಯರಿಗೆ ಏನನ್ನಾದರೂ ಹೇಳುವ ಮುನ್ನ ಹಿರಿಯರ ಮಾತನ್ನು ಪೂರ್ತಿ ನೆನಪಿಸಿಕೊಳ್ಳೋಣ.